ಆನ್‌ಲೈನ್ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಡಿಎಂ ಕೆಲಸ: ಡಿಸ್ಟ್ರಿಬ್ಯೂಷನ್ ಬಿಟ್ಟು ಹೋಗಬಹುದಾ?

ದುರ್ಗದವ
ಎಲ್ಲರಿಗೂ ನಮಸ್ಕಾರ. ನಾನು ಒಬ್ಬ ಮೊಬೈಲ್ ಡಿಸ್ಟ್ರಿಬ್ಯೂಟರ್ ಹತ್ತಿರ ಏರಿಯಾ ಸೇಲ್ಸ್ ನೋಡ್ಕೊಳ್ತೀನಿ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಸದುರ್ಗ ನನ್ನ ಬೀಟ್. ಬೆಳಿಗ್ಗೆಯಿಂದ ಅಂಗಡಿ ಸುತ್ತಿ ಆರ್ಡರ್ ತಗೊಳ್ಳೋದು, ಸ್ಕೀಮ್ ವಿವರಿಸೋದು, ಸಂಜೆ ಕಲೆಕ್ಷನ್. ಈಗ ಬೆಂಗಳೂರಿನ ಒಂದು ಆನ್‌ಲೈನ್ ಎಲೆಕ್ಟ್ರಾನಿಕ್ಸ್ ಕಂಪನಿಯಿಂದ ಬಿಸಿನೆಸ್ ಡೆವಲಪ್‌ಮೆಂಟ್ ಮ್ಯಾನೇಜರ್ (ಬಿಡಿಎಂ) ಆಫರ್ ಬಂದಿದೆ. ಮೊಬೈಲ್ ಮತ್ತು ಆ್ಯಕ್ಸೆಸರೀಸ್ ಕೆಟಗರಿ. ಫಿಕ್ಸೆಡ್ ಸಂಬಳ ಈಗಿನದಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ವೇರಿಯಬಲ್ ಭಾಗ ದೊಡ್ಡದು, ಅದು ಜಿಎಂವಿ, ಅಂದರೆ ಪ್ಲಾಟ್‌ಫಾರ್ಮ್‌ನಲ್ಲಿ ಮಾರಿದ ಮಾಲಿನ ಒಟ್ಟು ಬೆಲೆ ಮೇಲೆ ಅಂತೆ.

ಇಂಟರ್‌ವ್ಯೂನಲ್ಲಿ ಸೆಲ್ಲರ್ ಆನ್‌ಬೋರ್ಡಿಂಗ್, ಬ್ರ್ಯಾಂಡ್ ಅಲಯನ್ಸ್, ಕೆಟಗರಿ ಗ್ರೋತ್ ಅಂತೆಲ್ಲ ಹೇಳಿದರು. ದಿನಾ ಕೂತು ಏನು ಮಾಡಬೇಕು ಅನ್ನೋದು ಮಾತ್ರ ಅರ್ಥ ಆಗಲಿಲ್ಲ. ಇದು ಸೇಲ್ಸ್ ಕೆಲಸವಾ, ಎಕ್ಸೆಲ್ ಕೆಲಸವಾ? ಫೀಲ್ಡ್‌ನಲ್ಲಿ ಓಡಾಡಿದ ಅನುಭವಕ್ಕೆ ಅಲ್ಲಿ ಬೆಲೆ ಇದೆಯಾ? ನಾನು ಬಿಕಾಂ, ಎಂಬಿಎ ಮಾಡಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಕುಡ್ಲದ ಬಿಸಿಲು
ಒಂದೇ ಮಾತು ಮಾರಾಯ್ರೆ, ಎರಡೂ ಉಂಟು. ಬೆಳಿಗ್ಗೆ ಎಕ್ಸೆಲ್, ಮಧ್ಯಾಹ್ನ ಸೇಲ್ಸ್, ರಾತ್ರಿ ಮತ್ತೆ ಎಕ್ಸೆಲ್.

ಕೆಟಗರಿ ಹಳಬ
ಇದೇ ಕೆಲಸ ಮಾಡಿ ಈಗ ಬ್ರ್ಯಾಂಡ್ ಕಡೆ ಬಂದಿದ್ದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು, ಬಿಡಿಎಂ ಅನ್ನೋ ಹುದ್ದೆಯಲ್ಲಿ ಮೂರು ಬೇರೆ ಕೆಲಸ ಇರುತ್ತೆ, ಯಾವುದು ಅಂತ ಕೇಳಿ ತಿಳ್ಕೊಳ್ಳಿ. ಒಂದು, ಹೊಸ ಸೆಲ್ಲರ್ ಹುಡುಕಿ ಪ್ಲಾಟ್‌ಫಾರ್ಮ್‌ಗೆ ತರೋದು. ಎರಡು, ಇರೋ ಸೆಲ್ಲರ್‌ಗಳ ವ್ಯಾಪಾರ ಬೆಳೆಸೋದು, ಅಂದರೆ ಅವರ ಸ್ಟಾಕ್, ಬೆಲೆ, ರೇಟಿಂಗ್, ಜಾಹೀರಾತು ನೋಡ್ಕೊಳ್ಳೋದು. ಮೂರು, ಬ್ರ್ಯಾಂಡ್ ಜೊತೆ ಕೂತು ವರ್ಷದ ಜೆಬಿಪಿ (ಇಬ್ಬರೂ ಸೇರಿ ಹಾಕೋ ವ್ಯಾಪಾರದ ಯೋಜನೆ) ಮಾಡಿ, ಯಾವ ಮಾಡೆಲ್ ಯಾವ ಸೇಲ್‌ಗೆ, ಯಾರು ಎಷ್ಟು ಫಂಡಿಂಗ್ ಹಾಕ್ತಾರೆ ಅಂತ ತೀರ್ಮಾನಿಸೋದು. ಮೊದಲನೇದು ಹೆಚ್ಚು ಓಡಾಟ, ಮೂರನೇದು ಹೆಚ್ಚು ಮಾತುಕತೆ. ಎರಡನೇದರಲ್ಲಿ ಕಲಿಯೋದು ಜಾಸ್ತಿ.

ನಿಮ್ಮ ಫೀಲ್ಡ್ ಅನುಭವಕ್ಕೆ ಬೆಲೆ ಇದೆ, ಅನುಮಾನ ಬೇಡ. ಡಿಪಿ (ಅಂಗಡಿಗೆ ಬೀಳೋ ಡೀಲರ್ ಬೆಲೆ) ಎಷ್ಟು, ಎಂಓಪಿ (ಮಾರುಕಟ್ಟೆಯಲ್ಲಿ ಮಾರೋ ಬೆಲೆ) ಎಷ್ಟು, ಇನ್‌ವಾಯ್ಸ್ ಮೇಲೆ ಸಿಗೋ ಮಾರ್ಜಿನ್ ಎಷ್ಟು, ಕ್ವಾರ್ಟರ್ ಮುಗಿದ ಮೇಲೆ ಕ್ರೆಡಿಟ್ ನೋಟ್‌ನಲ್ಲಿ (ಆಮೇಲೆ ಲೆಕ್ಕಕ್ಕೆ ಜಮಾ ಆಗೋ ಚೀಟಿ) ಬರೋದೆಷ್ಟು, ಇದನ್ನೆಲ್ಲ ಕಳೆದು ಎನ್‌ಎಲ್‌ಸಿ, ಅಂದರೆ ಕೊನೆಗೆ ಕೈಗೆ ಬೀಳೋ ಖರೀದಿ ಬೆಲೆ, ಎಷ್ಟಕ್ಕೆ ಬಂತು ಅನ್ನೋದು ನಿಮಗೆ ಬಾಯಿಪಾಠ ಇರುತ್ತೆ. ದೊಡ್ಡ ಕಾಲೇಜಿಂದ ಬಂದ ಹುಡುಗರು ಇದನ್ನ ಕಲಿಯೋಕೆ ಎರಡು ಹಬ್ಬದ ಸೀಸನ್ ಬೇಕು. ಬ್ರ್ಯಾಂಡ್‌ನವನು ಎದುರಿಗೆ ಕೂತು "ಇದಕ್ಕಿಂತ ಇಳಿಯೋಕೆ ಆಗಲ್ಲ" ಅಂದಾಗ, ಚಳ್ಳಕೆರೆ ಅಂಗಡಿಗೆ ಅದೇ ಮಾಡೆಲ್ ಯಾವ ರೇಟಿಗೆ ಬೀಳ್ತಿದೆ ಅಂತ ಗೊತ್ತಿರೋನಿಗೂ ಗೊತ್ತಿಲ್ಲದವನಿಗೂ ಬಹಳ ವ್ಯತ್ಯಾಸ.

ಇನ್ನು ವೇರಿಯಬಲ್. ಜಿಎಂವಿ ಮೇಲೆ ಅಂದರೆ ಯಾವ ಜಿಎಂವಿ? ಆರ್ಡರ್ ಬಿದ್ದದ್ದಾ, ಡೆಲಿವರಿ ಆದದ್ದಾ, ರಿಟರ್ನ್ ಕಳೆದು ಉಳಿದದ್ದಾ? ಬೇರೆ ಏನು ಕೇಳದಿದ್ರೂ ಇದೊಂದು ಕೇಳಿ.

ಹುಬ್ಬಳ್ಳಿ ಕೌಂಟರ್
ಹೋಗ್ರಿ ಹೋಗ್ರಿ, ಎಲ್ಲಾರೂ ಆನ್‌ಲೈನ್‌ಗೆ ಹೋಗ್ರಿ. ನಮ್ಮಂಥಾ ಅಂಗಡಿಯವ್ರಿಗೆ ಮಾಲು ಕೊಡಾಕ ಯಾರೂ ಉಳಿಯಂಗಿಲ್ಲ. ದುರ್ಗದಣ್ಣಾ, ನಿಮ್ಮ ಬೀಟ್‌ನ್ಯಾಗ ಇರೋ ಅಂಗಡಿಯವ್ರು ನಿಮ್ಮನ್ನ ನಂಬಿ ಸ್ಟಾಕ್ ಎತ್ತಿರ್ತಾರ. ಗಿರಾಕಿ ನಮ್ಮ ಅಂಗಡಿಗೆ ಬಂದು ಫೋನ್ ಕೈಯಾಗ ಹಿಡಿದು ನೋಡ್ತಾನ, ಕ್ಯಾಮೆರಾ ಟೆಸ್ಟ್ ಮಾಡ್ತಾನ, ಆಮ್ಯಾಲೆ ಹೊರಗ ನಿಂತು ಆನ್‌ಲೈನ್ ಆರ್ಡರ್ ಮಾಡ್ತಾನ. ನಮಗ ಡಿಪಿ ಬೀಳೋದ್ಕಿಂತ ಕಡಿಮಿ ರೇಟಿಗೆ ಅಲ್ಲಿ ಮಾರ್ತಾರಂದ್ರ ಹೆಂಗ್ರಿ ವ್ಯಾಪಾರ ಮಾಡೋದು?

ಕೆಟಗರಿ ಹಳಬ
ಅಣ್ಣಾ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಬೆಲೆ ಇಳಿಸೋ ದುಡ್ಡು ಹೆಚ್ಚಿನ ಸಲ ಬ್ರ್ಯಾಂಡ್‌ನಿಂದಲೇ ಬರುತ್ತೆ. ಬ್ಯಾಂಕ್ ಆಫರ್‌ನಲ್ಲಿ ಒಂದು ಪಾಲು ಬ್ಯಾಂಕ್ ಹಾಕುತ್ತೆ. ಪ್ಲಾಟ್‌ಫಾರ್ಮ್ ತಾನೇ ಬೆಲೆ ತಗ್ಗಿಸೋಕೆ ವಿದೇಶಿ ಬಂಡವಾಳದ ನಿಯಮ ಬಿಡಲ್ಲ. ಕೇಂದ್ರ ಸರ್ಕಾರದ 2016ರ ಪ್ರೆಸ್ ನೋಟ್ 3ರಲ್ಲೇ ಮಾರ್ಕೆಟ್‌ಪ್ಲೇಸ್ ಬೆಲೆಯ ಮೇಲೆ ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ಪ್ರಭಾವ ಬೀರಬಾರದು ಅಂತ ಇತ್ತು. 2018ರ ಡಿಸೆಂಬರ್‌ನ ಪ್ರೆಸ್ ನೋಟ್ 2 ಅದನ್ನ ಇನ್ನೂ ಬಿಗಿ ಮಾಡ್ತು, ಜಾರಿಗೆ ಬಂದದ್ದು 2019ರ ಫೆಬ್ರವರಿ 1ರಿಂದ. ನಮ್ಮಲ್ಲೇ ಮಾರಬೇಕು ಅಂತ ಯಾವ ಸೆಲ್ಲರ್‌ನನ್ನೂ ಕಟ್ಟಿಹಾಕೋ ಹಾಗಿಲ್ಲ. ಪ್ಲಾಟ್‌ಫಾರ್ಮ್ ಅಥವಾ ಅದರ ಗುಂಪಿನ ಕಂಪನಿಯಿಂದಲೇ ಒಬ್ಬ ಸೆಲ್ಲರ್ ತನ್ನ ಖರೀದಿಯ 25 ಶೇಕಡಾಕ್ಕಿಂತ ಜಾಸ್ತಿ ಮಾಲು ತಗೊಂಡರೆ, ಆ ಸ್ಟಾಕ್ ಪ್ಲಾಟ್‌ಫಾರ್ಮ್ ಹಿಡಿತದಲ್ಲಿದೆ ಅಂತಲೇ ಲೆಕ್ಕ.

ಹುಬ್ಬಳ್ಳಿ ಕೌಂಟರ್
ಕಾಗದದ ಮ್ಯಾಲೆ ಎಲ್ಲಾ ಚಲೋ ಐತ್ರಿ. ಹೊಸಾ ಮಾಡೆಲ್ ಲಾಂಚ್ ಆದಾಗ ನಮ್ಮ ಕೌಂಟರ್‌ಗೆ ಯಾವಾಗ ಬರ್ತೈತಿ, ಅಲ್ಲಿ ಯಾವಾಗ ಬರ್ತೈತಿ ನೋಡ್ರಿ. ಸಿಸಿಐ (ವ್ಯಾಪಾರದಾಗ ಪೈಪೋಟಿ ನ್ಯಾಯವಾಗಿ ನಡೀತೈತೇನು ಅಂತ ನೋಡೋ ಆಯೋಗ) 2020ರ ಜನವರಿಯಾಗ ತನಿಖೆಗೆ ಆದೇಶ ಮಾಡಿದ್ದು ಸುಮ್ಮನೇ ಅಲ್ಲ. ಸ್ಮಾರ್ಟ್‌ಫೋನ್ ಎಕ್ಸ್‌ಕ್ಲೂಸಿವ್ ಲಾಂಚ್, ಬೇಕಾದ ಸೆಲ್ಲರ್‌ಗೆ ಮೊದಲ ಮಣೆ, ಇದ ಆ ದೂರಿನ್ಯಾಗ ಇತ್ತು.

ಕೆಟಗರಿ ಹಳಬ
ಲಾಂಚ್ ವಿಷಯದಲ್ಲಿ ನಿಮ್ಮ ಮಾತು ಒಪ್ತೀನಿ. ಸ್ಟಾಕ್ ಹಂಚಿಕೆ ಬ್ರ್ಯಾಂಡ್ ಕೈಯಲ್ಲಿದೆ, ಅವರು ಬೇಗ ದುಡ್ಡಾಗೋ ಕಡೆಗೆ ಮೊದಲು ಕಳಿಸ್ತಾರೆ. ಅಲ್ಲಿ ಅಂಗಡಿಗಳಿಗೆ ಅನ್ಯಾಯ ಆಗಿದೆ.

ಎಸ್‌ಪಿ ರೋಡ್ ಸಗಟು
ಸೆಲ್ಲರ್ ಕಡೆಯಿಂದ ನಾನು ಹೇಳ್ತೀನಿ. ಕೇಬಲ್, ಚಾರ್ಜರ್, ನೆಕ್‌ಬ್ಯಾಂಡ್, ಸ್ಕ್ರೀನ್ ಗಾರ್ಡ್ ಮಾರ್ತೀನಿ. ಅಂಗಡಿ ಎಸ್‌ಪಿ ರೋಡ್, ಆನ್‌ಲೈನ್‌ನಲ್ಲೂ ಅಕೌಂಟ್ ಇದೆ. ನನ್ನ ಹತ್ತಿರ ಬರೋ ಬಿಡಿಎಂಗಳಲ್ಲಿ ಎರಡು ಜಾತಿ. ಮೊದಲನೇ ಜಾತಿ ಜಿಎಸ್‌ಟಿ ನಂಬರ್ ತಗೊಂಡು ಅಕೌಂಟ್ ತೆರೆಸಿ, ಹತ್ತು ಲಿಸ್ಟಿಂಗ್ ಹಾಕಿಸಿ ಮಾಯ. ಅವರ ಟಾರ್ಗೆಟ್ ಅಲ್ಲಿಗೆ ಮುಗೀತು. ಆಮೇಲೆ ಫೋನ್ ಎತ್ತಲ್ಲ. ಎರಡನೇ ಜಾತಿ ಬಂದು ಗೋಣಿಚೀಲದ ಮೇಲೇ ಕೂತು, ಯಾವ ಕೇಬಲ್ ಯಾಕೆ ರಿಟರ್ನ್ ಬರ್ತಿದೆ ಅಂತ ನನ್ನ ಜೊತೆ ಒಂದೊಂದೇ ಪ್ಯಾಕೆಟ್ ಬಿಚ್ಚಿ ನೋಡ್ತಾರೆ. ಅಂಥ ಒಬ್ಬ ಹುಡುಗಿ ಹೇಳಿದ ಮೇಲೆ ಲಿಸ್ಟಿಂಗ್‌ನ ಮೊದಲ ಫೋಟೋದಲ್ಲೇ "ಟೈಪ್-ಸಿ, ಹಳೇ ಮೈಕ್ರೋ ಪಿನ್ ಅಲ್ಲ" ಅಂತ ದೊಡ್ಡದಾಗಿ ಹಾಕಿದೆ. ತಪ್ಪು ಪಿನ್ ಅಂತ ಬರ್ತಿದ್ದ ರಿಟರ್ನ್ ಬಹಳ ಇಳೀತು.

ಕಷ್ಟ ಏನಪ್ಪಾ ಅಂದ್ರೆ ದುಡ್ಡಿನ ಹರಿವು. ಪ್ಲಾಟ್‌ಫಾರ್ಮ್ ಕಮಿಷನ್, ಶಿಪ್ಪಿಂಗ್, ಕಲೆಕ್ಷನ್ ಫೀ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅದು ಸಾಲದು ಅಂತ ಟಿಸಿಎಸ್ 1 ಪರ್ಸೆಂಟ್, ಟಿಡಿಎಸ್ 1 ಪರ್ಸೆಂಟ್ ಅಂತ ತೆರಿಗೆ ಮುಂಗಡವಾಗಿ ಹಿಡ್ಕೊಳ್ತಾರೆ. ಎಲ್ಲಾ ಹಿಡಿದ ಮೇಲೆ ನಮ್ಮ ಕೈಗೆ ಏನು ಬರುತ್ತೆ?

ಲೆಕ್ಕದ ಮೇಷ್ಟ್ರು
@ಎಸ್‌ಪಿ ರೋಡ್ ಸಗಟು, ನೀವು ಹೇಳ್ತಿರೋದು ಹಳೇ ದರ. ಜಿಎಸ್‌ಟಿ ಟಿಸಿಎಸ್ 2024ರ ಜುಲೈ 10ರಿಂದ 0.5 ಶೇಕಡಾ. ಆದಾಯ ತೆರಿಗೆಯ ಟಿಡಿಎಸ್ 2024ರ ಅಕ್ಟೋಬರ್ 1ರಿಂದ 0.1 ಶೇಕಡಾ. ಇವೆರಡೂ ಖರ್ಚಲ್ಲ, ನಿಮ್ಮದೇ ದುಡ್ಡು. ಟಿಸಿಎಸ್ ನಿಮ್ಮ ಜಿಎಸ್‌ಟಿ ಕ್ಯಾಶ್ ಲೆಡ್ಜರ್‌ಗೆ (ಪೋರ್ಟಲ್‌ನಲ್ಲಿರೋ ನಿಮ್ಮ ಜಮಾ ಖಾತೆ) ಬರುತ್ತೆ, ಆದರೆ ಪೋರ್ಟಲ್‌ನಲ್ಲಿ ಹೋಗಿ ಸ್ವೀಕರಿಸಬೇಕು. ಎಷ್ಟೋ ಜನ ಅದನ್ನ ಕ್ಲೇಮ್ ಮಾಡದೆ ಹಾಗೇ ಬಿಟ್ಟಿರ್ತಾರೆ. ಕಮಿಷನ್ ಮೇಲಿನ 18 ಶೇಕಡಾ ಕೂಡ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆದುಕೊಳ್ಳೋಕೆ, ಸಿಗುತ್ತೆ. ನಿಮ್ಮ ಆಡಿಟರ್ ಇದನ್ನ ನೋಡ್ತಿದ್ದಾರಾ ಅಂತ ಈ ವಾರವೇ ವಿಚಾರಿಸಿ.

@ದುರ್ಗದವ, ಬಿಡಿಎಂ ಆಗೋರಿಗೆ ಈ ಲೆಕ್ಕ ಬರಲೇಬೇಕು. ಒಂದು ಕಾಲ್ಪನಿಕ ಉದಾಹರಣೆ ಕೊಡ್ತೀನಿ, ಪೇಪರ್ ತಗೊಂಡು ಹಾಕಿ ನೋಡಿ. ಫೋನ್ 14,999ಕ್ಕೆ ಮಾರಿದಿರಿ ಅನ್ಕೊಳ್ಳಿ. ಅದರೊಳಗೆ 18 ಶೇಕಡಾ ಜಿಎಸ್‌ಟಿ ಸೇರಿದೆ, ತೆಗೆದರೆ ಸುಮಾರು 12,711. ಸೆಲ್ಲರ್‌ನ ಎನ್‌ಎಲ್‌ಸಿ ತೆರಿಗೆ ಸೇರಿ 14,200, ತೆರಿಗೆ ಬಿಟ್ಟರೆ ಸುಮಾರು 12,034. ವ್ಯತ್ಯಾಸ 677 ರೂಪಾಯಿ. ಕಮಿಷನ್, ಶಿಪ್ಪಿಂಗ್, ಎಲ್ಲಾ ಫೀ ಸೇರಿ 600 ಅಂದರೆ ಉಳಿದದ್ದು 77 ರೂಪಾಯಿ. ಇಂಥದ್ದೇ ಒಂದು ಫೋನ್ ಬಾಕ್ಸ್ ಒಡೆದು ವಾಪಸ್ ಬಂದು, ತೆರಿಗೆ ಬಿಟ್ಟು 2,000 ಕಮ್ಮಿಗೆ ಮಾರಬೇಕಾಗಿ ಬಂದರೆ 26 ಫೋನ್ ಮಾರಿದ ಲಾಭ ಅಲ್ಲಿಗೆ ಮುಗೀತು. ಜಿಎಂವಿ ಮಾತ್ರ ಇಪ್ಪತ್ತೇಳು ಫೋನಿನದೂ ಲೆಕ್ಕಕ್ಕೆ ಬಂದಿರುತ್ತೆ.

ಕುಡ್ಲದ ಬಿಸಿಲು
ಮೇಷ್ಟ್ರೇ, ಈ ಪೋಸ್ಟನ್ನು ಪಿನ್ ಮಾಡಬೇಕು.

ಎಸ್‌ಪಿ ರೋಡ್ ಸಗಟು
ಧನ್ಯವಾದ ಮೇಷ್ಟ್ರೇ. ಕ್ಯಾಶ್ ಲೆಡ್ಜರ್ ವಿಷಯ ಆಡಿಟರ್‌ಗೆ ಇವತ್ತೇ ಕೇಳ್ತೀನಿ.

ಎಚ್‌ಎಸ್‌ಆರ್ ಅಕ್ಕ
ನಾನು ಈಗ ಇದೇ ಕೆಲಸದಲ್ಲಿದ್ದೀನಿ, ಲ್ಯಾಪ್‌ಟಾಪ್ ಮತ್ತು ಆಡಿಯೋ ಕೆಟಗರಿ. ದಿನಚರಿ ಕೇಳಿದ್ದೀರಲ್ಲ, ಹೇಳ್ತೀನಿ.

ಬೆಳಿಗ್ಗೆ ಎದ್ದ ತಕ್ಷಣ ನಿನ್ನೆಯ ಡ್ಯಾಶ್‌ಬೋರ್ಡ್. ಯಾವ ಮಾಡೆಲ್ ಔಟ್ ಆಫ್ ಸ್ಟಾಕ್, ಎಲ್ಲಿ ಬೆಲೆ ನಮಗಿಂತ ಕಮ್ಮಿ ಇದೆ, ಯಾವ ಸೆಲ್ಲರ್ ಬೈ ಬಾಕ್ಸ್ (ಪುಟದಲ್ಲಿ ಮೊದಲು ಕಾಣೋ ಸೆಲ್ಲರ್ ಜಾಗ) ಕಳ್ಕೊಂಡ. ಹತ್ತು ಗಂಟೆಯೊಳಗೆ ಸೆಲ್ಲರ್‌ಗಳಿಗೆ ಫೋನ್. ಮಧ್ಯಾಹ್ನ ಬ್ರ್ಯಾಂಡ್ ಮೀಟಿಂಗ್. ಸಂಜೆ ಹೊತ್ತಿಗೆ ಗೋದಾಮಿನಿಂದ ಸುದ್ದಿ: ಲಾರಿ ಬಂದಿದೆ, ಅಪಾಯಿಂಟ್‌ಮೆಂಟ್ ಸ್ಲಾಟ್ ತಪ್ಪಿದೆ, ಇಳಿಸ್ತಿಲ್ಲ. ಅದನ್ನ ಬಗೆಹರಿಸೋದೂ ನಾವೇ. ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಇದೊಂದೂ ಬರೆದಿರಲ್ಲ.

ವರ್ಷದ ಗತಿ ಬೇರೆ. ಜನವರಿಯಲ್ಲಿ ಗಣರಾಜ್ಯೋತ್ಸವದ ಸೇಲ್, ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ದಿನದ ಸೇಲ್, ಆಮೇಲೆ ದಸರಾ ದೀಪಾವಳಿ. ಹಬ್ಬದ ಸೇಲ್‌ಗೆ ಸ್ಟಾಕ್ ಪ್ಲ್ಯಾನ್ ಮಳೆಗಾಲದಲ್ಲೇ ಶುರು. ಯಾವ ಗೋದಾಮಿಗೆ ಎಷ್ಟು ಪೀಸ್, ಡಿಓಎಚ್ (ಕೈಯಲ್ಲಿರೋ ಸ್ಟಾಕ್ ಎಷ್ಟು ದಿನಕ್ಕೆ ಸಾಕು ಅನ್ನೋದು) ಎಷ್ಟಿರಬೇಕು ಅಂತ ಲೆಕ್ಕ. ಕಮ್ಮಿ ತರಿಸಿದ್ರೆ ಸೇಲ್‌ನ ಮೊದಲ ರಾತ್ರಿಯೇ ಖಾಲಿ. ಜಾಸ್ತಿ ತರಿಸಿದ್ರೆ ದೀಪಾವಳಿ ಮುಗಿದ ಮೇಲೆ ಬೆಲೆ ಬಿದ್ದು, ಸೆಲ್ಲರ್ ಪ್ರೈಸ್ ಪ್ರೊಟೆಕ್ಷನ್ ಕೇಳ್ಕೊಂಡು ನಮ್ಮ ಮುಂದೆ ಕೂತಿರ್ತಾರೆ. ಬಾಯಿಮಾತಲ್ಲಿ ಕೊಟ್ಟ ಭರವಸೆ ಆಗ ಯಾರಿಗೂ ನೆನಪಿರಲ್ಲ. ಹಾಗಾಗಿ ಪ್ರೈಸ್ ಡ್ರಾಪ್ ಆದರೆ ಯಾರು ತುಂಬಿಕೊಡ್ತಾರೆ, ಎಷ್ಟು ದಿನದ ಸ್ಟಾಕ್‌ಗೆ, ಯಾವ ದಿನಾಂಕದೊಳಗೆ ಕ್ರೆಡಿಟ್ ನೋಟ್ ಅನ್ನೋದನ್ನ ಮೇಲ್‌ನಲ್ಲಿ ಬ್ರ್ಯಾಂಡ್‌ನಿಂದ ಬರೆಸಿಕೊಂಡೇ ಪಿಓ (ಖರೀದಿ ಆರ್ಡರ್) ಹಾಕಿಸ್ತೀನಿ. ಸೆಲ್ಲರ್ ದುಡ್ಡು ಅವರ ಮನೆಯ ದುಡ್ಡು. ಅದನ್ನ ಹಗುರವಾಗಿ ತಗೋಬಾರದು.

ಲೆಕ್ಕದ ಮೇಷ್ಟ್ರು
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕ್ರೆಡಿಟ್ ನೋಟ್‌ನಲ್ಲಿ ಎರಡು ಬಗೆ. ಜಿಎಸ್‌ಟಿ ಸಮೇತ ಕೊಡೋದು ಒಂದು, ಬರೀ ವಾಣಿಜ್ಯ ಕ್ರೆಡಿಟ್ ನೋಟ್ ಇನ್ನೊಂದು. 500 ರೂಪಾಯಿ ಸಪೋರ್ಟ್ ಅಂದಾಗ ಅದು ತೆರಿಗೆ ಸೇರಿಯಾ, ಬಿಟ್ಟಾ ಅಂತ ಮೊದಲೇ ಕೇಳಿ. ಸಾವಿರ ಪೀಸ್‌ಗೆ ಆ ವ್ಯತ್ಯಾಸ ಸಣ್ಣದಲ್ಲ.

ಹೊಸಬ
ಇಷ್ಟೆಲ್ಲಾ ಟ್ಯಾಕ್ಸ್ ಬಿಡಿಎಂಗೆ ಯಾಕೆ? ಫೈನಾನ್ಸ್ ಟೀಮ್ ಇರಲ್ವಾ?

ಎಚ್‌ಎಸ್‌ಆರ್ ಅಕ್ಕ
ಇರ್ತಾರೆ. ಡೀಲ್ ಮುಗಿದ ಮೇಲೆ ಬರ್ತಾರೆ. ಮಾತುಕತೆ ಹೊತ್ತಲ್ಲಿ ಮೇಜಿನ ಈ ಕಡೆ ಕೂತಿರೋದು ನೀವೊಬ್ಬರೇ.

ಮಾಲೂರು ಶಿಫ್ಟ್
ಗೋದಾಮಿನ ಕಡೆಯಿಂದ ಎರಡು ಮಾತು. ಮಾಲೂರು, ಹೊಸಕೋಟೆ ಸುತ್ತ ಎಷ್ಟು ಗೋದಾಮು ಇದೆ ಅಂತ ಬೆಂಗಳೂರಿನ ಆಫೀಸ್‌ನಲ್ಲಿ ಕೂತೋರು ಬಂದು ನೋಡಲ್ಲ. ದಯವಿಟ್ಟು ಕೆಲಸಕ್ಕೆ ಸೇರಿದ ತಿಂಗಳಲ್ಲೇ ಒಂದು ದಿನ ಬಂದು ರಿಟರ್ನ್ ಟೇಬಲ್ ಹತ್ತಿರ ನಿಂತ್ಕೊಳ್ಳಿ. ಡಬ್ಬಿಯ ಮೇಲಿನ ಐಎಂಇಐ (ಫೋನಿನ ಗುರುತಿನ ನಂಬರ್) ಒಂದು, ಒಳಗಿನ ಫೋನ್‌ದು ಇನ್ನೊಂದು. ಇಯರ್‌ಬಡ್ ಕೇಸ್ ಇದೆ, ಒಳಗೆ ಬಡ್ಸ್ ಇಲ್ಲ. ಸೀಲ್ ಬಿಸಿ ಮಾಡಿ ತೆಗೆದು ಮತ್ತೆ ಅಂಟಿಸಿರ್ತಾರೆ. ಸೀರಿಯಲ್ ನಂಬರ್ ಹೋಗುವಾಗ ಸ್ಕ್ಯಾನ್ ಆಗಿದ್ರೆ ಮಾತ್ರ ಸೆಲ್ಲರ್ ಕ್ಲೇಮ್ ಗೆಲ್ಲೋದು. ಸ್ಕ್ಯಾನ್ ಮಾಡದೆ ಪ್ಯಾಕ್ ಮಾಡಿ ಕಳಿಸೋ ಸೆಲ್ಲರ್‌ಗಳು ಇನ್ನೂ ಇದ್ದಾರೆ, ಅವರಿಗೆ ಅದನ್ನ ಹೇಳಿಕೊಡೋದು ಬಿಡಿಎಂ ಕೆಲಸ. ಓಪನ್ ಬಾಕ್ಸ್ ಡೆಲಿವರಿ ಬಂದ ಮೇಲೆ ಫೋನ್‌ಗಳಲ್ಲಿ ಜಗಳ ಕಮ್ಮಿ ಆಗಿದೆ. ಆ್ಯಕ್ಸೆಸರೀಸ್‌ನಲ್ಲಿ ಹಾಗೇ ಇದೆ.

ಹುಬ್ಬಳ್ಳಿ ಕೌಂಟರ್
ಅಲ್ರೀ, ನಮ್ಮ ಅಂಗಡಿಯಾಗ ಇಂಥಾ ತಾಪತ್ರಯ ಇಲ್ಲ. ಗಿರಾಕಿ ಎದುರಿಗೆ ಸೀಲ್ ಒಡೀತೀವಿ, ಸಿಮ್ ಹಾಕಿ ಕೊಡ್ತೀವಿ, ಹಳೇ ಫೋನಿನ ಕಾಂಟ್ಯಾಕ್ಟ್ ಎಲ್ಲಾ ಹೊಸದಕ್ಕ ಹಾಕಿ ಕೊಡ್ತೀವಿ. ಅದಕ್ಕ ಯಾರೂ ರೊಕ್ಕ ಕೊಡಂಗಿಲ್ಲ.

ದೇರಾ ಕನ್ನಡಿಗ
ದುಬೈನಿಂದ ಬರೀತಿದ್ದೀನಿ, ಇಲ್ಲಿ ಮೊಬೈಲ್ ಟ್ರೇಡಿಂಗ್‌ನಲ್ಲಿದ್ದೀನಿ. ಬಿಡಿಎಂ ಆಗೋರು ಒಂದು ವಿಷಯದಲ್ಲಿ ಎಚ್ಚರ ಇರಬೇಕು. ಎನ್‌ಎಲ್‌ಸಿಗಿಂತ ತುಂಬಾ ಕಮ್ಮಿಗೆ ದುಬಾರಿ ಫೋನ್ ಕೊಡ್ತೀನಿ ಅಂತ ಬರೋ ಸೆಲ್ಲರ್ ಹತ್ತಿರ ಖರೀದಿ ಇನ್‌ವಾಯ್ಸ್ ಕೇಳಿ. ಬೇರೆ ದೇಶಕ್ಕೆ ಅಂತ ಪ್ಯಾಕ್ ಆದ ಮಾಲು ಭಾರತಕ್ಕೆ ಅಡ್ಡದಾರಿಯಲ್ಲಿ ಬಂದ್ರೆ ಗ್ರಾಹಕನಿಗೆ ವಾರಂಟಿ ತೊಂದರೆ, ನಿಮಗೆ ಕಂಪ್ಲೇಂಟ್. ಟಾರ್ಗೆಟ್ ತಲೆ ಮೇಲಿದ್ದಾಗಲೇ ಇಂಥವರು ಬರೋದು.

ಕುಡ್ಲದ ಬಿಸಿಲು
ಹೌದು. ಗ್ರಾಹಕರೂ ಚೆಕ್ ಮಾಡಬಹುದು. ಮೆಸೇಜ್‌ನಲ್ಲಿ ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ, ಜಾಗ ಬಿಟ್ಟು 15 ಅಂಕಿಯ ಐಎಂಇಐ ಬರೆದು 14422ಕ್ಕೆ ಕಳಿಸಿದ್ರೆ ಫೋನಿನ ವಿವರ ಬರ್ತದೆ. ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲೂ ಉಂಟು.

ಗದಗ ಗೆಳೆಯ
ಇಲ್ಲಿ ಎಲ್ಲಾ ತಿಳಿದೋರು ಇದ್ದೀರಿ ಅಂತ ಕೇಳ್ತೀನಿ. ನೋ ಕಾಸ್ಟ್ ಇಎಂಐ ನಿಜವಾಗಿ ಬಡ್ಡಿ ಇಲ್ಲದ್ದೇನು? ತಮ್ಮನಿಗೆ ಲ್ಯಾಪ್‌ಟಾಪ್ ತಗೋಬೇಕು.

ಲೆಕ್ಕದ ಮೇಷ್ಟ್ರು
ಬಡ್ಡಿ ಇದೆ. ಸೊನ್ನೆ ಬಡ್ಡಿ ಇಎಂಐ ತೋರಿಸೋದನ್ನ ಆರ್‌ಬಿಐ 2013ರಲ್ಲೇ ಬೇಡ ಅಂದಿದೆ. ಬಡ್ಡಿಯಷ್ಟೇ ಮೊತ್ತವನ್ನ ಮೊದಲೇ ಡಿಸ್ಕೌಂಟ್ ಆಗಿ ಕಳೀತಾರೆ, ಬ್ಯಾಂಕ್ ಬಡ್ಡಿ ಹಾಕೇ ಹಾಕುತ್ತೆ. ಕ್ರೆಡಿಟ್ ಕಾರ್ಡ್ ಆದರೆ ಬಡ್ಡಿ ಮೇಲೆ 18 ಶೇಕಡಾ ಜಿಎಸ್‌ಟಿ ನಿಮ್ಮ ತಲೆ ಮೇಲೆ, ಕೆಲವು ಬ್ಯಾಂಕ್ ಪ್ರೊಸೆಸಿಂಗ್ ಫೀ ಕೂಡ ಹಾಕ್ತವೆ. ಒಟ್ಟು ಕೂಡಿ ನೋಡಿ, ಒಂದೇ ಸಲ ಕೊಟ್ಟರೆ ಸಿಗೋ ಬೆಲೆ ಜೊತೆ ಹೋಲಿಸಿ ತಗೊಳ್ಳಿ.

ಗದಗ ಗೆಳೆಯ
ತಿಳೀತ್ರಿ ಮೇಷ್ಟ್ರೇ. ಉಪಕಾರ ಆತು.

ಹೊಸಬ
ಟಿವಿಗೆ ಜಿಎಸ್‌ಟಿ ಇಳೀತಲ್ಲ, ಮೊಬೈಲ್‌ಗೂ ಇಳೀತಾ?

ಲೆಕ್ಕದ ಮೇಷ್ಟ್ರು
ಇಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ, ಎಸಿ, ಡಿಶ್‌ವಾಷರ್ 28ರಿಂದ 18ಕ್ಕೆ ಬಂದವು. ಮೊಬೈಲ್ 2020ರ ಏಪ್ರಿಲ್‌ನಲ್ಲಿ 12ರಿಂದ 18ಕ್ಕೆ ಏರಿತ್ತು, ಅಲ್ಲೇ ಇದೆ.

ಎಚ್‌ಎಸ್‌ಆರ್ ಅಕ್ಕ
ಆ ಸೆಪ್ಟೆಂಬರ್ ಟಿವಿ ಕೆಟಗರಿಯವರಿಗೆ ಬಹಳ ಕಠಿಣ. ದರ ಇಳಿಯುತ್ತೆ ಅಂತ ಮೊದಲೇ ಸುದ್ದಿ ಬಂದ ಕೂಡಲೇ ಗ್ರಾಹಕರು ಕೊಳ್ಳೋದು ನಿಲ್ಲಿಸಿದ್ರು. ಹಳೇ ದರದಲ್ಲಿ ಬಂದ ಸ್ಟಾಕ್ ಗೋದಾಮಲ್ಲಿ, ಹೊಸ ಬೆಲೆಯ ಸ್ಟಿಕ್ಕರ್ ಗೊಂದಲ, ಹಬ್ಬದ ಸೇಲ್ ಶುರು ಆಗೋದೂ ಅದೇ ಹೊತ್ತಿಗೆ. ನನ್ನ ಪಕ್ಕದ ಟೀಮ್ ರಾತ್ರಿ ಮನೆಗೆ ಹೋಗದೆ ಬೆಲೆ ಬದಲಾಯಿಸ್ತಾ ಕೂತಿತ್ತು.

ತುಮಕೂರು ತಂದೆ
ನನ್ನ ಮಗ ಬಿಬಿಎ ಕೊನೇ ವರ್ಷ. ಇದನ್ನೆಲ್ಲ ಓದಿ ಕೇಳ್ತಿದ್ದೀನಿ, ಎಂಬಿಎ ಮಾಡಿಸಲಾ, ಕೆಲಸಕ್ಕೆ ಕಳಿಸಲಾ?

ಕುಡ್ಲದ ಬಿಸಿಲು
ಸರ್, ಮೊದಲು ಒಂದು ವರ್ಷ ಅಂಗಡಿಗಳಿಗೆ ಮಾಲು ಕೊಡುವ ಕೆಲಸಕ್ಕೆ ಕಳಿಸಿ. ಆಮೇಲೆ ಎಂಬಿಎ ಮಾಡಿದ್ರೆ ಕ್ಲಾಸಲ್ಲಿ ಹೇಳಿದ್ದು ತಲೆಗೆ ಹೋಗ್ತದೆ.

ಕೆಟಗರಿ ಹಳಬ
ಇದಕ್ಕೆ ನನ್ನ ತಕರಾರಿದೆ. ಎಂಬಿಎ ಇಲ್ಲದಿದ್ರೆ ಬಿಡಿಎಂವರೆಗೆ ಬರಬಹುದು, ಕೆಟಗರಿ ಹೆಡ್ ಆಗೋ ಹೊತ್ತಿಗೆ ಹಲವು ಕಂಪನಿಗಳಲ್ಲಿ ಅಡ್ಡಿ ಆಗುತ್ತೆ. ಅದು ಸರಿಯಲ್ಲ, ಆದರೆ ಇರೋದು ಹಾಗೆ. ದುಡ್ಡು ಹೊಂದಿಸೋಕೆ ಆದರೆ ಒಳ್ಳೇ ಕಾಲೇಜಲ್ಲಿ ಮಾಡಿಸಿ. ಸುಮ್ಮನೆ ಸರ್ಟಿಫಿಕೇಟ್ ಕೊಡೋ ಕಾಲೇಜಾದರೆ ಬೇಡ, ಆ ಫೀಸಿಗೆ ಬದಲು ಮಗನಿಗೆ ಎಕ್ಸೆಲ್ ಮತ್ತು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಅಂಕಿ ತೆಗೆಯೋ ಭಾಷೆ) ಕಲಿಸಿ.

ಕುಡ್ಲದ ಬಿಸಿಲು
ನಾನು ಎಂಬಿಎ ಮಾಡದೆ ಬ್ರ್ಯಾಂಡ್‌ನ ಸೌತ್ ಹೆಡ್ ಆದವರ ಕೆಳಗೆ ಕೆಲಸ ಮಾಡ್ತಿದ್ದೇನೆ. ಬಾಗಿಲು ಪೂರ್ತಿ ಮುಚ್ಚಿಲ್ಲ.

ದುರ್ಗದವ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಬೇಕು. ನನಗೆ ಇಂಗ್ಲಿಷ್ ಅರ್ಥ ಆಗುತ್ತೆ, ಬರೀತೀನಿ, ಆದರೆ ಮೀಟಿಂಗ್‌ನಲ್ಲಿ ಪಟಪಟ ಅಂತ ಮಾತಾಡೋಕೆ ಬರಲ್ಲ. ಹಿಂದಿ ಕೆಲಸಕ್ಕೆ ಸಾಕಾಗೋಷ್ಟು ಇದೆ. ತೊಂದರೆ ಆಗುತ್ತಾ?

ಎಚ್‌ಎಸ್‌ಆರ್ ಅಕ್ಕ
ಶುರುವಿನಲ್ಲಿ ಕಷ್ಟ ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ಮೀಟಿಂಗ್‌ನಲ್ಲಿ ಕೊನೆಗೆ ನಿಲ್ಲೋದು ಅಂಕಿ. ಯಾವ ಸೆಲ್ಲರ್‌ಗೆ ಯಾವ ಮಾಡೆಲ್‌ನಲ್ಲಿ ಎಷ್ಟು ಉಳೀತಿದೆ ಅಂತ ಹೇಳಬಲ್ಲವನ ಮಾತನ್ನ ತಡೆದು ತಡೆದು ಹೇಳಿದ್ರೂ ಕೇಳ್ತಾರೆ.

ಕನ್ನಡ ನಿಮ್ಮ ಬಲ ಅಂತ ತಿಳ್ಕೊಳ್ಳಿ. ಹಾಸನ, ದಾವಣಗೆರೆ, ವಿಜಯಪುರದ ಅಂಗಡಿಯವರನ್ನ ಸೆಲ್ಲರ್ ಆಗಿ ತರೋಕೆ ಇಂಗ್ಲಿಷ್ ಪಿಪಿಟಿ ಹಿಡ್ಕೊಂಡು ಹೋದೋರು ಬರಿಗೈಲಿ ಬಂದದ್ದನ್ನ ನೋಡಿದ್ದೀನಿ. 2020ರಲ್ಲಿ ಜೂನ್‌ನಲ್ಲಿ ಫ್ಲಿಪ್‌ಕಾರ್ಟ್, ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಕನ್ನಡದಲ್ಲಿ ಬಂದವು. ಕೊಳ್ಳೋರಿಗೆ ಕನ್ನಡ ಬಂತು, ಆದರೆ ಸೆಲ್ಲರ್‌ಗೆ ಪಾಲಿಸಿ ಬದಲಾದಾಗ ಬರೋ ಮೇಲ್ ಓದಿ ಅರ್ಥ ಹೇಳೋ ಮನುಷ್ಯ ಇನ್ನೂ ಬೇಕು. ನಾನು ನನ್ನ ಸೆಲ್ಲರ್‌ಗಳಿಗೆ ಕನ್ನಡದಲ್ಲಿ ವಾಟ್ಸ್ಆ್ಯಪ್ ವಾಯ್ಸ್ ನೋಟ್ ಕಳಿಸ್ತೀನಿ.

ಎಸ್‌ಪಿ ರೋಡ್ ಸಗಟು
ನಮ್ಮ ರೋಡಲ್ಲಿ ಹಿಂದಿ, ಗುಜರಾತಿ, ಮಾರ್ವಾಡಿ ಎಲ್ಲಾ ನಡೆಯುತ್ತೆ. ಆದರೂ ಲೋಡಿಂಗ್ ಹುಡುಗನಿಂದ ಹಿಡಿದು ಆಟೋದವನವರೆಗೆ ಕನ್ನಡದಲ್ಲೇ ಕೆಲಸ ಆಗೋದು. ಬನ್ನಿ, ಟೀ ಕುಡಿಯೋಣ.

ಹುಬ್ಬಳ್ಳಿ ಕೌಂಟರ್
ಸಣ್ಣ ಅಂಗಡಿಯವ್ರನ್ನ ಸೆಲ್ಲರ್ ಮಾಡ್ತೀವಿ ಅಂತೀರಲ್ಲ, ನಿಜವಾಗಲೂ ಲಾಭ ಐತೇನ್ರಿ ಅವ್ರಿಗೆ? ಫೋನ್ ಮಾರಾಕ ಹೋದ್ರ ದೊಡ್ಡ ಸೆಲ್ಲರ್‌ಗಳ ರೇಟ್ ಮುಟ್ಟಾಕ ಆಗಂಗಿಲ್ಲ.

ಎಚ್‌ಎಸ್‌ಆರ್ ಅಕ್ಕ
ಹೊಸ ಫೋನ್‌ನಲ್ಲಿ ಆಗಲ್ಲ ಅಣ್ಣಾ, ನೇರವಾಗಿ ಹೇಳ್ತೀನಿ. ಅದನ್ನ ಆಗುತ್ತೆ ಅಂತ ಹೇಳಿ ಆನ್‌ಬೋರ್ಡ್ ಮಾಡೋ ಬಿಡಿಎಂ ಮೋಸ ಮಾಡ್ತಿದ್ದಾನೆ. ಸಣ್ಣ ಅಂಗಡಿಗೆ ಸಾಧ್ಯ ಇರೋದು ಬೇರೆ ಕಡೆ: ಕವರ್, ಸ್ಟ್ಯಾಂಡ್, ಹಳೇ ಮಾಡೆಲ್‌ನ ಬಿಡಿಭಾಗ, ಲೋಕಲ್ ಆಗಿ ಬೇಗ ತಲುಪಿಸೋ ಮಾಲು. ದೊಡ್ಡ ಸೆಲ್ಲರ್ ಮುಟ್ಟದ ಸಣ್ಣ ಸಣ್ಣ ಐಟಂ. ಅಲ್ಲಿ ಕಮಿಷನ್ ಫೋನ್‌ಗಿಂತ ಜಾಸ್ತಿ ಇದ್ರೂ ಮಾರ್ಜಿನ್ ಅದನ್ನ ತಡ್ಕೊಳ್ಳುತ್ತೆ. ನಿಮ್ಮ ಹತ್ತಿರ ಮಾರಾಟವಾಗದೆ ಕೂತಿರೋ ಆ್ಯಕ್ಸೆಸರೀಸ್ ಪಟ್ಟಿ ಇದ್ರೆ ನನಗೆ ಮೆಸೇಜ್ ಮಾಡಿ, ಯಾವುದು ಓಡುತ್ತೆ ಯಾವುದು ಬೇಡ ಅಂತ ನೋಡಿ ಹೇಳ್ತೀನಿ. ಅಕೌಂಟ್ ತೆರೀಲೇಬೇಕು ಅಂತಿಲ್ಲ.

ಲೆಕ್ಕದ ಮೇಷ್ಟ್ರು
ಮೊದಲು ಆನ್‌ಲೈನ್‌ನಲ್ಲಿ ಮಾಲು ಮಾರಬೇಕಾದರೆ ಟರ್ನೋವರ್ ಎಷ್ಟೇ ಇರಲಿ ಜಿಎಸ್‌ಟಿ ನೋಂದಣಿ ಬೇಕೇ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿರೋ ಸಣ್ಣವರು, ರಾಜ್ಯದೊಳಗೆ ಮಾತ್ರ ಮಾರೋದಾದರೆ, ಎನ್‌ರೋಲ್ಮೆಂಟ್ ನಂಬರ್ ತಗೊಂಡು ಮಾರಬಹುದು. ಕಾಂಪೊಸಿಷನ್‌ನಲ್ಲಿರೋರಿಗೂ (ಸಣ್ಣವರ ಸರಳ ಜಿಎಸ್‌ಟಿ ಪದ್ಧತಿ) ರಾಜ್ಯದೊಳಗೆ ಅವಕಾಶ ಇದೆ. ಹುಬ್ಬಳ್ಳಿಯವರು ರೆಗ್ಯುಲರ್ (ಮಾಮೂಲಿ) ಜಿಎಸ್‌ಟಿಯಲ್ಲಿ ಇರ್ತಾರೆ ಅನ್ಕೋತೀನಿ, ಅವರಿಗೆ ಇದು ಬೇಕಾಗಿಲ್ಲ.

ಹುಬ್ಬಳ್ಳಿ ಕೌಂಟರ್
ರೆಗ್ಯುಲರ್ ಅದೀವ್ರಿ. ಅಕ್ಕಾರ, ಪಟ್ಟಿ ಕಳಸ್ತೀನಿ. ನೋಡೂಣು. ಆದ್ರ ಲಾಂಚ್ ಸ್ಟಾಕ್ ವಿಷಯದಾಗ ನನ್ನ ಮಾತು ಬದಲಾಗಂಗಿಲ್ಲ.

ನಿರ್ವಾಹಕ
ಚರ್ಚೆ ಚೆನ್ನಾಗಿ ನಡೀತಿದೆ. ಕಂಪನಿಗಳ ಒಳಗಿನ ಕಮಿಷನ್ ಪಟ್ಟಿ, ಸ್ಕ್ರೀನ್‌ಶಾಟ್ ಯಾರೂ ಹಾಕಬೇಡಿ. ಒಂದು ಪೋಸ್ಟ್ ತೆಗೆದಿದ್ದೀನಿ.

ದುರ್ಗದವ
ಎಚ್‌ಆರ್ ಹತ್ತಿರ ಮಾತಾಡಿದೆ. ಹಳಬರು ಹೇಳಿದ ಪ್ರಶ್ನೆಯನ್ನೇ ಕೇಳಿದೆ. ವೇರಿಯಬಲ್ "ಶಿಪ್ ಆದ ಜಿಎಂವಿ" ಮೇಲಂತೆ, ರಿಟರ್ನ್ ಕಳೆಯಲ್ಲ. ಕೆಲಸ ಹೊಸ ಸೆಲ್ಲರ್ ತರೋದು ಅರ್ಧ, ಇರೋರನ್ನ ಬೆಳೆಸೋದು ಅರ್ಧ. ರಿಟರ್ನ್ ಕಳೆಯದಿದ್ರೆ ನನಗೆ ಲಾಭ ಅಲ್ವಾ?

ಕೆಟಗರಿ ಹಳಬ
ಮೊದಲ ಕ್ವಾರ್ಟರ್‌ನಲ್ಲಿ ಲಾಭ. ರಿಟರ್ನ್ ಹೆಚ್ಚಿರೋ ಮಾಲನ್ನ ನೂಕಿದರೆ ನಿಮಗೆ ಇನ್ಸೆಂಟಿವ್ ಬರುತ್ತೆ, ಸೆಲ್ಲರ್‌ಗೆ ನಷ್ಟ ಬರುತ್ತೆ, ಆತ ಬಿಟ್ಟು ಹೋಗ್ತಾನೆ. ಮುಂದಿನ ವರ್ಷ ನಿಮ್ಮ ಟಾರ್ಗೆಟ್ ಇದೇ ಉಬ್ಬಿದ ಅಂಕಿಯ ಮೇಲೆ ನಿಲ್ಲುತ್ತೆ, ಪೂರೈಸೋಕೆ ಸೆಲ್ಲರ್‌ಗಳೇ ಇರಲ್ಲ. ಬೀಟ್ ಮೇಲೆ ಓವರ್‌ಸ್ಟಾಕ್ ಹೊರಿಸಿದ ಸೇಲ್ಸ್‌ಮನ್‌ಗೆ ಮುಂದಿನ ತಿಂಗಳು ಅಂಗಡಿಯವರು ಮುಖ ಕೊಡ್ತಾರಾ? ನಿಮಗೇ ಗೊತ್ತಲ್ಲ.

ಸೇರೋದಾದರೆ ಎರಡು ಮಾಡಿ. ಕಂಪನಿ ನೋಡದಿದ್ರೂ ಪ್ರತಿ ಸೆಲ್ಲರ್‌ದೂ ರಿಟರ್ನ್ ಕಳೆದ ಲೆಕ್ಕವನ್ನ ನಿಮ್ಮ ಸ್ವಂತ ಶೀಟ್‌ನಲ್ಲಿ ಇಟ್ಕೊಳ್ಳಿ. ಮತ್ತೆ, ಹಬ್ಬದ ಕ್ವಾರ್ಟರ್ ಮಧ್ಯದಲ್ಲಿ ಟಾರ್ಗೆಟ್ ಬದಲಾದರೆ ಹಿಂದಿನ ಸಾಧನೆಗೆ ಏನಾಗುತ್ತೆ ಅಂತ ಎಚ್‌ಆರ್ ಹತ್ತಿರ ಬರಹದಲ್ಲಿ ಕೇಳಿ.

ಎಚ್‌ಎಸ್‌ಆರ್ ಅಕ್ಕ
ಮೇಲ್ ಸಾಲದು, ಇನ್ಸೆಂಟಿವ್ ಪಾಲಿಸಿ ಕಾಪಿ ಕೇಳಿ. ಕೊಡಲ್ಲ ಅಂದ್ರೆ ಫಿಕ್ಸೆಡ್ ಜಾಸ್ತಿ ಮಾಡಿ ಅನ್ನಿ. ಬೆಂಗಳೂರಿನ ಮನೆ ಬಾಡಿಗೆ ಫಿಕ್ಸೆಡ್‌ನಿಂದಲೇ ಕಟ್ಟಬೇಕು.

ದುರ್ಗದವ
ಆಯ್ತು ಅಕ್ಕ, ಕೇಳ್ತೀನಿ. ನೋಟಿಸ್ ಪೀರಿಯಡ್ ಮುಗಿಯೋ ಮೊದಲು ನನ್ನ ಬೀಟ್‌ನ ಅಂಗಡಿಗಳ ಬಾಕಿ ಸ್ಕೀಮ್ ಕ್ಲೇಮ್ ಎಲ್ಲಾ ಪಾಸ್ ಮಾಡಿಸಿಯೇ ಹೊರಡೋದು ಅಂತ ತೀರ್ಮಾನಿಸಿದ್ದೀನಿ. ಹುಬ್ಬಳ್ಳಿ ಅಣ್ಣ ಹೇಳಿದ್ದು ಮನಸ್ಸಿಗೆ ತಾಗಿತು.

ಹುಬ್ಬಳ್ಳಿ ಕೌಂಟರ್
ಅದು ಮಾಡ್ರಿ ಮೊದಲ. ಚಲೋ ಆಗ್ಲಿ ನಿಮಗ.

ಹೊಸಬ
ನಾನೂ ಒಂದು ಕೇಳ್ಲಾ? ಪವರ್ ಬ್ಯಾಂಕ್ ತರಿಸಿ ಆನ್‌ಲೈನ್‌ನಲ್ಲಿ ಮಾರಬೇಕು ಅಂತಿದ್ದೀನಿ. ಬ್ರ್ಯಾಂಡ್ ನನ್ನದೇ ಹೆಸರಲ್ಲಿ. ಜಿಎಸ್‌ಟಿ ಇದ್ರೆ ಸಾಕಲ್ವಾ?

ಎಸ್‌ಪಿ ರೋಡ್ ಸಗಟು
ಸಾಲದಪ್ಪಾ! ಪವರ್ ಬ್ಯಾಂಕ್, ಚಾರ್ಜರ್ ಎರಡಕ್ಕೂ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಡಬ್ಬಿ ಮೇಲೆ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇರಬೇಕು, ಅದು ಆ ಫ್ಯಾಕ್ಟರಿ ಮತ್ತು ಆ ಬ್ರ್ಯಾಂಡ್ ಹೆಸರಿಗೇ ಇರಬೇಕು. ಬೇರೆಯವರ ನಂಬರ್ ಹಾಕಿ ಮಾರೋರು ಇದ್ದಾರೆ, ನೀನು ಆ ದಾರಿಗೆ ಹೋಗಬೇಡ. 2025ರ ಮಾರ್ಚ್‌ನಲ್ಲಿ ಬಿಐಎಸ್‌ನೋರು ದೊಡ್ಡ ಆನ್‌ಲೈನ್ ಕಂಪನಿಗಳ ಗೋದಾಮಿಗೇ ಹೋಗಿ ಮಾಲು ಜಪ್ತಿ ಮಾಡಿದ್ರು.

ಲೆಕ್ಕದ ಮೇಷ್ಟ್ರು
ಜೊತೆಗೆ ಎಂಆರ್‌ಪಿ, ಆಮದುದಾರನ ಹೆಸರು ವಿಳಾಸ, ಯಾವ ದೇಶದ ತಯಾರಿಕೆ ಅನ್ನೋದು ಡಬ್ಬಿ ಮೇಲೂ ಲಿಸ್ಟಿಂಗ್‌ನಲ್ಲೂ ಬೇಕು. ಬ್ಯಾಟರಿ ಇರೋದ್ರಿಂದ ತ್ಯಾಜ್ಯದ ಇಪಿಆರ್ (ಮಾರಿದ ಮಾಲಿನ ಕಸಕ್ಕೆ ಮಾರಿದವರೇ ಹೊಣೆ ಅನ್ನೋ ನಿಯಮ) ನೋಂದಣಿಯೂ ನಿಮ್ಮ ಮೇಲೆ ಬರುತ್ತೆ.

ಹೊಸಬ
ಬ್ಲೂಟೂತ್ ಸ್ಪೀಕರ್ ಆದ್ರೆ?

ಎಸ್‌ಪಿ ರೋಡ್ ಸಗಟು
ಅದಕ್ಕೆ ಬಿಐಎಸ್ ಜೊತೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ನೋಡ್ಕೊಳ್ಳೋ ವಿಭಾಗ) ಅನುಮತಿಯೂ ಬೇಕು. ಹೊಸ ಥ್ರೆಡ್ ಹಾಕಪ್ಪಾ, ಅಲ್ಲಿ ಎಲ್ಲಾ ವಿವರವಾಗಿ ಬರೀತೀನಿ.